ಗಾಳಿಯ ಲೆಕ್ಕ ಕೊಟ್ಟ ರಾಯಭಾರ ಕಚೇರಿ

ರಾಯಭಾರ ಕಚೇರಿಗಳು ಸಾಮಾಜಿಕ ಜಾಲತಾಣಗಳಲ್ಲಿ ಏನನ್ನು ಪ್ರಕಟಿಸುತ್ತವೆ ಎಂಬುದನ್ನು ಕೆಲವು ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ. ರಾಷ್ಟ್ರೀಯ ದಿನದ ಶುಭಾಶಯ, ಸಚಿವರು ಕೈಕುಲುಕುವ ಚಿತ್ರ, ಆಹಾರ ಮೇಳದ ಆಹ್ವಾನ, ಸಾಂಸ್ಕೃತಿಕ ಸಂಜೆಯ ವರದಿ: ಹೆಚ್ಚಿನವು ಇಂಥವೇ. ಒಂದು ಸರ್ಕಾರ ಮತ್ತೊಂದು ಸರ್ಕಾರದೊಡನೆ ವ್ಯವಹರಿಸುವುದು ರಾಜತಾಂತ್ರಿಕತೆಯಾದರೆ, ಪರದೇಶದ ಜನರೊಡನೆ ನೇರವಾಗಿ ಮಾತಿಗಿಳಿಯುವುದು ಸಾರ್ವಜನಿಕ ರಾಜತಾಂತ್ರಿಕತೆ. ಹಿಂದೆ ರೇಡಿಯೊ, ಗ್ರಂಥಾಲಯ, ನಿಯತಕಾಲಿಕಗಳ ಮೂಲಕ ನಡೆಯುತ್ತಿದ್ದ ಈ ಕೆಲಸ ಈಗ ಮೊಬೈಲ್ ಪರದೆಗೆ ಬಂದಿದೆ. ಆದರೆ ಪರದೇಶದ ಸರ್ಕಾರವೊಂದರ ಮಾತಿಗೆ ಜನ ಕಿವಿಗೊಡುವುದು ಯಾವಾಗ? ಈ ಪ್ರಶ್ನೆಗೆ ನನಗೆ ಕಂಡಿರುವ ಸ್ಪಷ್ಟ ಉತ್ತರ ಬೀಜಿಂಗ್‌ನದು.

2008ರಲ್ಲಿ ಬೀಜಿಂಗ್‌ನ ಅಮೆರಿಕ ರಾಯಭಾರ ಕಚೇರಿ ತನ್ನ ಆವರಣದಲ್ಲಿ ಗಾಳಿಯ ಗುಣಮಟ್ಟ ಅಳೆಯುವ ಯಂತ್ರವೊಂದನ್ನು ಅಳವಡಿಸಿ, ಅದರ ಅಂಕಿಗಳನ್ನು ಟ್ವಿಟರ್‌ನಲ್ಲಿ ಗಂಟೆಗೊಮ್ಮೆ ಪ್ರಕಟಿಸತೊಡಗಿತು. ಅದು ಅಳೆಯುತ್ತಿದ್ದುದು ಪಿಎಂ 2.5 ಎಂಬ ಅತಿಸೂಕ್ಷ್ಮ ಕಣಗಳನ್ನು. ಶ್ವಾಸಕೋಶದ ಆಳಕ್ಕೆ ಇಳಿಯುವ ಈ ಕಣಗಳ ಲೆಕ್ಕವನ್ನು ಚೀನಾದ ಆಡಳಿತ ಆಗ ಜನರಿಗೆ ಕೊಡುತ್ತಿರಲಿಲ್ಲ. ಅದು ಪ್ರಕಟಿಸುತ್ತಿದ್ದುದು ದೊಡ್ಡ ಕಣಗಳ ಪ್ರಮಾಣವನ್ನು. ಹೀಗಾಗಿ ನಗರಾಡಳಿತ ‘ಅಲ್ಪ ಮಾಲಿನ್ಯ’ ಎಂದ ದಿನವೇ ರಾಯಭಾರ ಕಚೇರಿ ‘ಅಪಾಯಕಾರಿ’ ಎನ್ನುವ ಪ್ರಸಂಗಗಳು ಬಂದವು. 2010ರ ನವೆಂಬರ್‌ನಲ್ಲಿ ಸೂಚ್ಯಂಕ 500ರ ಮಿತಿಯನ್ನೇ ದಾಟಿದಾಗ, ಗಾಳಿ ಹುಚ್ಚುಹುಚ್ಚಾಗಿ ಕೆಟ್ಟಿದೆ ಎಂಬರ್ಥದ ಇಂಗ್ಲಿಷ್ ಪದಗಳು ಪ್ರಕಟವಾಗಿಬಿಟ್ಟವು. ಕಚೇರಿ ಅದನ್ನು ಹಿಂತೆಗೆದುಕೊಂಡಿತಾದರೂ ಮಾತು ಊರೆಲ್ಲ ಹಬ್ಬಿಯಾಗಿತ್ತು.

2009ರಿಂದಲೇ ಚೀನಾದಲ್ಲಿ ಟ್ವಿಟರ್‌ಗೆ ತಡೆ ಬಿದ್ದಿತ್ತು. ಆದರೂ ಅಂಕಿಗಳು ಮೊಬೈಲ್ ತಂತ್ರಾಂಶಗಳ ಮೂಲಕ, ಅಲ್ಲಿನದೇ ಜಾಲತಾಣವಾದ ವೀಬೊ ಮೂಲಕ ಜನರನ್ನು ತಲುಪಿದವು. ಪಾನ್ ಶಿಯಿ ಎಂಬ ಪ್ರಸಿದ್ಧ ಕಟ್ಟಡೋದ್ಯಮಿ 2011ರಲ್ಲಿ ಅವನ್ನು ತಮ್ಮ ಲಕ್ಷಾಂತರ ಅನುಯಾಯಿಗಳಿಗೆ ದಾಟಿಸಿ, ಸೂಕ್ಷ್ಮ ಕಣಗಳಿಗೂ ರಾಷ್ಟ್ರೀಯ ಮಾನದಂಡ ಬೇಕೆಂಬ ಒತ್ತಾಯಕ್ಕೆ ದನಿಗೂಡಿಸಿದರು. 2012ರ ಜೂನ್‌ನಲ್ಲಿ ಚೀನಾದ ಪರಿಸರ ಖಾತೆಯ ಉಪಸಚಿವರು, ವಿದೇಶಿ ರಾಯಭಾರ ಕಚೇರಿಗಳು ಹೀಗೆ ಮಾಹಿತಿ ಪ್ರಕಟಿಸುವುದು ರಾಜತಾಂತ್ರಿಕ ಸಂಬಂಧಗಳ ಕುರಿತ ವಿಯೆನ್ನಾ ಒಪ್ಪಂದದ ಆಶಯಕ್ಕೆ ವಿರುದ್ಧವೆಂದು ಆಕ್ಷೇಪಿಸಿದರು. ಈ ಮಾಹಿತಿ ತನ್ನ ಸಿಬ್ಬಂದಿ ಮತ್ತು ಅಲ್ಲಿರುವ ತನ್ನ ಪ್ರಜೆಗಳ ಆರೋಗ್ಯಕ್ಕಾಗಿ ಎಂಬುದು ಅಮೆರಿಕದ ಉತ್ತರ.

ವಿಶೇಷವೆಂದರೆ, ಆ ಹೊತ್ತಿಗಾಗಲೇ ಬೀಜಿಂಗ್ ನಗರಾಡಳಿತ ತಾನೇ ಪಿಎಂ 2.5 ಅಂಕಿಗಳನ್ನು ಪ್ರಕಟಿಸಲು ಆರಂಭಿಸಿತ್ತು. 2013ರ ಜನವರಿಯ ವೇಳೆಗೆ 74 ನಗರಗಳು ಈ ವ್ಯವಸ್ಥೆಗೆ ಸೇರಿದವು. 2014ರಲ್ಲಿ ಪ್ರಧಾನಿ ಲಿ ಕೆಚಿಯಾಂಗ್ ಮಾಲಿನ್ಯದ ವಿರುದ್ಧ ಸಮರ ಸಾರಿದರು. ಚೀನಾದ ಅಧಿಕೃತ ಲೆಕ್ಕದ ಪ್ರಕಾರ, ಬೀಜಿಂಗ್‌ನಲ್ಲಿ ಈ ಕಣಗಳ ವಾರ್ಷಿಕ ಸರಾಸರಿ 2013ರಲ್ಲಿ ಘನ ಮೀಟರಿಗೆ 89.5 ಮೈಕ್ರೊಗ್ರಾಂ ಇದ್ದುದು 2024ರಲ್ಲಿ 30.5ಕ್ಕೆ ಇಳಿಯಿತು. ಇದರ ಶ್ರೇಯಸ್ಸು ಕಲ್ಲಿದ್ದಲು ಬಳಕೆ ತಗ್ಗಿಸಿದ, ಕಾರ್ಖಾನೆಗಳನ್ನು ಸ್ಥಳಾಂತರಿಸಿದ ಅಲ್ಲಿನ ಆಡಳಿತಕ್ಕೂ ಪಟ್ಟುಹಿಡಿದು ಕೇಳಿದ ಅಲ್ಲಿನ ನಾಗರಿಕರಿಗೂ ಸಲ್ಲಬೇಕು. ಆದರೆ ಕೇಳುವುದಕ್ಕೆ ಬೇಕಾದ ಆಧಾರವನ್ನು ಅವರ ಕೈಗೆ ಇತ್ತವುಗಳಲ್ಲಿ ಆ ಯಂತ್ರವೂ ಒಂದು.

ಅಮೆರಿಕದ ಹಿರಿಮೆಯ ಬಗ್ಗೆ ಆ ಟ್ವಿಟರ್ ಖಾತೆ ಒಂದು ಮಾತನ್ನೂ ಆಡಲಿಲ್ಲ. ಮಗುವನ್ನು ಇಂದು ಆಟಕ್ಕೆ ಕಳುಹಿಸಬೇಕೇ, ಬೇಡವೇ ಎಂದು ಯೋಚಿಸುವ ತಾಯಿಗೆ ಬೇಕಾದ ಒಂದು ಸಂಖ್ಯೆಯನ್ನು ತಪ್ಪದೆ ಕೊಟ್ಟಿತು. ಕೋಟಿಗಟ್ಟಲೆ ಹಣ ಸುರಿದು ನಡೆಸುವ ಪ್ರಚಾರದಿಂದ ಸಾಧ್ಯವಾಗದ ವಿಶ್ವಾಸ ಅದರಿಂದ ದೊರಕಿತು.

ಇಂಥ ವಿಶ್ವಾಸವನ್ನು ಗಳಿಸುವುದಕ್ಕಿಂತ ಕಳೆದುಕೊಳ್ಳುವುದು ಸುಲಭ. 2025ರ ಮಾರ್ಚ್‌ನಲ್ಲಿ ಅಮೆರಿಕವು ಹಣಕಾಸಿನ ಕೊರತೆಯ ಕಾರಣ ನೀಡಿ, ಜಗತ್ತಿನಾದ್ಯಂತ ತನ್ನ ರಾಯಭಾರ ಕಚೇರಿಗಳ ಗಾಳಿಯ ಮಾಹಿತಿಯನ್ನು ಹಂಚುವುದನ್ನು ನಿಲ್ಲಿಸಿತು. ನಮ್ಮ ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತ, ಹೈದರಾಬಾದ್‌ಗಳ ಯಂತ್ರಗಳೂ ಈ ಪಟ್ಟಿಯಲ್ಲಿದ್ದವು. ನಮ್ಮಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಗಳ ಮಾಪನ ಕೇಂದ್ರಗಳಿವೆ. ಬೇರೆ ಆಧಾರವೇ ಇಲ್ಲದ ಬಡ ದೇಶಗಳ ನಗರಗಳ ಗತಿಯೇನು? ಪಾರದರ್ಶಕತೆಯ ಪಾಠ ಹೇಳಿದ ದೇಶವೇ ಸಣ್ಣ ಉಳಿತಾಯಕ್ಕಾಗಿ ಮೌನ ತಾಳಿದ್ದು ನನಗೆ ವಿಷಾದದ ಸಂಗತಿಯಾಗಿ ಕಾಣುತ್ತದೆ.

ಭಾರತದ ಅನುಭವವೂ ಇದೇ ದಿಕ್ಕನ್ನು ತೋರುತ್ತದೆ. ನಮ್ಮ ವಿದೇಶಾಂಗ ಸಚಿವಾಲಯ ಸಾರ್ವಜನಿಕ ರಾಜತಾಂತ್ರಿಕತೆಗೆ 2006ರಲ್ಲಿ ಪ್ರತ್ಯೇಕ ವಿಭಾಗ ತೆರೆಯಿತು. 2010ರಲ್ಲಿ ಆ ವಿಭಾಗ ಟ್ವಿಟರ್‌ಗೆ ಬಂತು. ಜನ ಅದನ್ನು ನಿಜವಾಗಿ ನೆಚ್ಚಿಕೊಂಡದ್ದು ಸಂಕಟದ ಗಳಿಗೆಗಳಲ್ಲಿ: 2011ರಲ್ಲಿ ಲಿಬಿಯಾದಿಂದ ಭಾರತೀಯರನ್ನು ಕರೆತಂದಾಗ, 2016ರಲ್ಲಿ ಸೌದಿ ಅರೇಬಿಯಾದಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರು ಹಸಿವಿನಿಂದ ಬಳಲಿದಾಗ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನ ಅಂತರ್ಯುದ್ಧದ ನಡುವೆ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ 31 ಮಂದಿ ಸಿಲುಕಿದ್ದ ವಿಷಯ ಟ್ವಿಟರ್‌ನಲ್ಲೇ ರಾಜಕೀಯ ಜಟಾಪಟಿಗೆ ಕಾರಣವಾಯಿತು. ಸಿಲುಕಿದವರು ಎಲ್ಲಿದ್ದಾರೆಂಬುದನ್ನು ಸುರಕ್ಷತೆಯ ದೃಷ್ಟಿಯಿಂದ ಬಹಿರಂಗಪಡಿಸಲಾಗದು ಎಂದು ವಿದೇಶಾಂಗ ಸಚಿವರು ಹೇಳಿದರು. ಯುದ್ಧಭೂಮಿಯಲ್ಲಿ ಆ ಮಾತು ಸರಿಯೇ. ಆದರೆ ಊರಿನಲ್ಲಿ ಕಾದಿದ್ದವರಿಗೆ ಬೇಕಿದ್ದುದು ವಾಗ್ವಾದವಲ್ಲ, ನೆಚ್ಚಬಹುದಾದ ಸುದ್ದಿ.

ಆದ್ದರಿಂದ ನನ್ನ ಸಲಹೆ ಸರಳವಾದುದು. ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮ ರಾಯಭಾರ ಕಚೇರಿಗಳು ಉತ್ಸವದ ಚಿತ್ರಗಳ ಜೊತೆಗೆ ಪ್ರತಿ ತಿಂಗಳೂ ಒಂದು ಲೆಕ್ಕವನ್ನು ಪ್ರಕಟಿಸಲಿ: ಸಂಬಳ ಬಾಕಿಯ ದೂರುಗಳು ಎಷ್ಟು ಬಂದವು, ಎಷ್ಟು ಇತ್ಯರ್ಥವಾದವು, ಮೃತರ ಪಾರ್ಥಿವ ಶರೀರ ಊರು ತಲುಪಲು ಎಷ್ಟು ದಿನ ಹಿಡಿಯಿತು ಎಂಬ ಲೆಕ್ಕ. ಅದು ಕನ್ನಡವೂ ಸೇರಿದಂತೆ ದುಡಿಯುವವರ ಭಾಷೆಗಳಲ್ಲಿರಲಿ. ಕೆಲವು ತಿಂಗಳು ಆ ಅಂಕಿಗಳು ಸರ್ಕಾರಕ್ಕೆ ಮುಜುಗರ ತಂದಾವು. ಹಾಗಿದ್ದೂ ಪ್ರಕಟಿಸಿದರೆ, ಭಟ್ಕಳದಲ್ಲೋ ಉಡುಪಿಯಲ್ಲೋ ಫೋನ್ ಹಿಡಿದು ಕುಳಿತ ಮನೆಯವರು ಮುಂದಿನ ಸಂಕಟದಲ್ಲಿ ಗಾಳಿಸುದ್ದಿಯನ್ನು ಬಿಟ್ಟು ರಾಯಭಾರ ಕಚೇರಿಯ ಮಾತನ್ನು ನಂಬುತ್ತಾರೆ.