ಆರಿಸಿದ ಯಂತ್ರದೊಳಗಿನ ವಿದ್ಯುತ್ತು

ಟೆಲಿವಿಷನ್ನಾಗಲಿ ಕಂಪ್ಯೂಟರಾಗಲಿ ಇಲ್ಲದ ಮನೆಯು ನಮ್ಮ ವಾಚಕರಲ್ಲಿ ಈಗ ವಿರಳವೆಂದೇ ಹೇಳಬೇಕು. ಇವು ಕೆಟ್ಟು ನಿಂತಾಗ ಮನೆಯ ಹುಡುಗರು ಸ್ಕ್ರೂಡ್ರೈವರೊಂದನ್ನು ಹಿಡಿದು ಹಿಂಬದಿಯ ಮುಚ್ಚಳವನ್ನು ಬಿಚ್ಚತೊಡಗುವುದೂ, ಪ್ಲಗ್ಗನ್ನು ಕಿತ್ತಾಯಿತಲ್ಲ, ಇನ್ನೇನು ಭಯವೆಂದು ಹಿರಿಯರು ಸುಮ್ಮನಿರುವುದೂ ವಾಡಿಕೆಯಾಗಿದೆ. ಈ ಮಾತನ್ನು ನಾವೇ ಒಮ್ಮೆ ಆಡಿದೆವು. ಅದರ ಫಲವನ್ನು ಮತ್ತೊಬ್ಬನು ಉಂಡನು. ಸಂಸ್ಕೃತವನ್ನೋದಿ ಪಾಠ ಹೇಳಿ ನಿವೃತ್ತರಾದ ನಮಗೆ ಯಂತ್ರಗಳ ವಿಷಯವಾಗಿ ಬರೆಯುವ ಅಧಿಕಾರವೆಲ್ಲಿಯದೆಂದು ಯಾರಾದರೂ ಕೇಳಿದರೆ, ಅಧಿಕಾರವಲ್ಲ, ಋಣ ಎಂದೇ ಉತ್ತರ ಕೊಡಬೇಕಾಗುವುದು.

ಅದು 2006ನೆಯ ಇಸವಿಯ ಬೇಸಗೆ. ನಾವಾಗ ಗುಂಡ್ಲುಪೇಟೆಯಲ್ಲಿ ಉಪಾಧ್ಯಾಯರಾಗಿದ್ದೆವು. ನಮ್ಮ ಮನೆಯ 21 ಅಂಗುಲದ ಬಣ್ಣದ ಟೆಲಿವಿಷನ್ನಿನಲ್ಲಿ ಒಂದು ರಾತ್ರಿ ಚಿತ್ರವೆಲ್ಲವೂ ಕುಗ್ಗಿ ನಡುವೆ ಒಂದು ಬೆಳ್ಳಗಿನ ಗೆರೆಯಾಗಿ ನಿಂತುಬಿಟ್ಟಿತು. ನಮ್ಮ ಕೈಕೆಳಗೆ ಓದಿದ್ದ ಹುಡುಗನೊಬ್ಬನು ರಿಪೇರಿಯ ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದನು. ಅಂಗಡಿಯ ಯಜಮಾನನು ಊರಲ್ಲಿರಲಿಲ್ಲವಾಗಿ ಮಾರನೆಯ ದಿನ ಹುಡುಗನನ್ನೇ ಮನೆಗೆ ಕರೆಸಿದೆವು. ಅವನು ಮುಚ್ಚಳವನ್ನು ತೆಗೆದು, ಹಿಂಜರಿದು ನಿಂತು, "ಮೇಷ್ಟ್ರೇ, ಯಜಮಾನ್ರು ಬರಲಿ. ಟ್ಯೂಬಿನ ಹತ್ರ ಕೈ ಇಡಬೇಡ ಅಂತ ಹೇಳವ್ರೆ" ಎಂದನು. "ನಿನ್ನೆ ರಾತ್ರಿಯೇ ಪ್ಲಗ್ಗು ಕಿತ್ತಿಟ್ಟಿದ್ದೇನಪ್ಪ, ಅದರಲ್ಲಿ ಇನ್ನೆಲ್ಲಿಯ ಕರೆಂಟು?" ಎಂದೆವು ನಾವು. ಗುರುವಿನ ಮಾತನ್ನು ಮೀರಲಾರದೆ ಅವನು ಪಿಕ್ಚರ್ ಟ್ಯೂಬಿನ ಮೇಲಿನ ರಬ್ಬರಿನ ಟೋಪಿಯ ಅಂಚನ್ನು ಬೆರಳಿನಿಂದ ಎತ್ತಿದನು. ಚಟ್ಟೆಂದು ಒಂದು ಸದ್ದಾಯಿತು. ಅವನ ಕೈ ತನ್ನಷ್ಟಕ್ಕೆ ತಾನೇ ಹಾರಿ ಟ್ಯೂಬಿನ ಕತ್ತಿಗೆ ಬಡಿಯಿತು. ಗಾಜು ಮುರಿದು, ಗಾಳಿಯು ಬುಸ್ಸೆಂದು ಒಳಕ್ಕೆ ನುಗ್ಗಿತು. ಬಲಗೈಯ ಎರಡು ಬೆರಳುಗಳ ಬುಡವು ಸೀಳಿಹೋಯಿತು. ಮೈಸೂರಿಗೆ ಕರೆದೊಯ್ದು ಹೊಲಿಗೆ ಹಾಕಿಸಿದೆವು. ಗಾಯವು ಮಾಯಿತು. ಆ ಬೆರಳುಗಳು ಮಾತ್ರ ಇಂದಿಗೂ ಪೂರ್ತಿಯಾಗಿ ಮಡಿಸುವುದಿಲ್ಲ. ಅವನು ಈಗ ಗುಂಡ್ಲುಪೇಟೆಯಲ್ಲಿ ಸ್ವಂತ ಅಂಗಡಿಯನ್ನಿಟ್ಟುಕೊಂಡು ಎಡಗೈಯಲ್ಲಿ ಬೆಸುಗೆ ಹಾಕುತ್ತಾನೆ. ನಮ್ಮನ್ನು ದೂರಿದ ಒಂದು ಮಾತನ್ನೂ ಅವನ ಬಾಯಿಂದ ನಾವು ಕೇಳಿಲ್ಲ. ದೂರಿದ್ದರೆ ನಮ್ಮ ಮನಸ್ಸು ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ಪ್ಲಗ್ಗು ಕಿತ್ತು ರಾತ್ರಿಯೆಲ್ಲ ಕಳೆದ ಪೆಟ್ಟಿಗೆಯಲ್ಲಿ ವಿದ್ಯುತ್ತು ಎಲ್ಲಿತ್ತು? ಇದರ ಉತ್ತರವು ಬಹಳ ಹಳೆಯದು. ಹಾಲೆಂಡಿನ ಲೈಡನ್ ನಗರದಲ್ಲಿ ಮುಷೆನ್‌ಬ್ರೂಕ್ ಎಂಬ ಪಂಡಿತನು ಗಾಜಿನ ಪಾತ್ರೆಯೊಂದರಲ್ಲಿ ನೀರು ತುಂಬಿ, ಅದರೊಳಕ್ಕೆ ವಿದ್ಯುತ್ತನ್ನು ಹಾಯಿಸಿ, ಒಂದು ಕೈಯಲ್ಲಿ ಪಾತ್ರೆಯನ್ನು ಹಿಡಿದಿದ್ದಂತೆಯೇ ಮತ್ತೊಂದು ಕೈಯಿಂದ ಒಳಗಿನ ತಂತಿಯನ್ನು ಮುಟ್ಟಲು ಮೈಯೆಲ್ಲ ಸಿಡಿಲು ಬಡಿದಂತಾಯಿತಂತೆ. ಫ್ರಾನ್ಸಿನ ರಾಜ್ಯವನ್ನೇ ಕೊಟ್ಟರೂ ಮತ್ತೊಮ್ಮೆ ಅದನ್ನು ಮುಟ್ಟಲಾರೆನೆಂದು ಅವನು 1746ರಲ್ಲಿ ಪ್ಯಾರಿಸ್ಸಿನ ಮಿತ್ರನಿಗೆ ಬರೆದನು. ಗಾಜಿನ ಒಳಗೂ ಹೊರಗೂ ವಿದ್ಯುದ್ವಾಹಕವಾದ ಲೇಪವಿದ್ದರೆ, ನಡುವಣ ಗಾಜು ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವುದು. ಪಿಕ್ಚರ್ ಟ್ಯೂಬಿನ ರಚನೆಯೂ ಹೀಗೆಯೇ: ಒಳಗೊಂದು ಲೇಪ, ಹೊರಗೊಂದು ಕಪ್ಪು ಲೇಪ, ನಡುವೆ ದಪ್ಪಗಾಜು. ಅದು ಚಿತ್ರವನ್ನು ತೋರಿಸುವ ಲೈಡನ್ ಪಾತ್ರೆ! ಕೆಲವು ಪೆಟ್ಟಿಗೆಗಳಲ್ಲಿ ಈ ಸಂಗ್ರಹವು ದಿನಗಟ್ಟಲೆ ಉಳಿಯುವುದುಂಟು. 'ವಿದ್ಯುತ್' ಎಂಬ ಶಬ್ದವು 'ವಿ' ಉಪಸರ್ಗವು ಸೇರಿದ 'ದ್ಯುತ್' ಧಾತುವಿನಿಂದ, ಹೊಳೆಯುವುದು ಎಂಬ ಅರ್ಥದಲ್ಲಿ, ಹುಟ್ಟಿತೆಂದು ನಾವು ವರ್ಷವರ್ಷವೂ ಮಕ್ಕಳಿಗೆ ಹೇಳಿದವರು. ಹೊಳೆಯದೆ ಅಡಗಿ ಕುಳಿತಿರುವ ವಿದ್ಯುತ್ತೂ ಉಂಟೆಂಬುದು ಆ ವ್ಯುತ್ಪತ್ತಿಯಿಂದ ತಿಳಿಯುವುದಿಲ್ಲ.

ನಮ್ಮ ಹೊಲಗಳ ಬದಿಯಲ್ಲಿ ಹಾದುಹೋಗುವ ಕಂಬಗಳ ಮೇಲಿನ ತಂತಿಯು 11,000 ವೋಲ್ಟಿನದೆಂದು ರೈತರೆಲ್ಲ ಬಲ್ಲರು; ಅದರ ಹತ್ತಿರಕ್ಕೆ ಯಾರೂ ಸುಳಿಯರು. ಬಣ್ಣದ ಪಿಕ್ಚರ್ ಟ್ಯೂಬಿನಲ್ಲಾದರೋ 20,000ದಿಂದ 30,000 ವೋಲ್ಟಿನವರೆಗೆ ಇರುವುದು. ಆದರೆ ವೋಲ್ಟಿನ ಸಂಖ್ಯೆಯೊಂದನ್ನೇ ನೋಡಿ ಅಪಾಯವನ್ನು ಅಳೆಯುವುದು ತಪ್ಪು. ಟ್ಯೂಬಿನಲ್ಲಿ ಕೂಡಿಟ್ಟ ಶಕ್ತಿಯ ಮೊತ್ತವು ಅಲ್ಪ; ಅದರ ಪೆಟ್ಟಿಗಿಂತ ಪೆಟ್ಟಿನಿಂದ ಬೆಚ್ಚಿ ಹಾರಿದ ಕೈಯೇ ಹೆಚ್ಚು ಅನರ್ಥವನ್ನು ಮಾಡುವುದು. ಕಂಪ್ಯೂಟರಿಗೆ ವಿದ್ಯುತ್ತನ್ನೊದಗಿಸುವ ತಗಡಿನ ಪೆಟ್ಟಿಗೆಯ ಮಾತೇ ಬೇರೆ. ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತು ಅಲ್ಲಿ ಏಕಮುಖವಾಗಿ ಮಾರ್ಪಟ್ಟು, ಹೆಬ್ಬೆರಳಿನ ಗಾತ್ರದ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟಿನಷ್ಟು ಏರಿ ನಿಲ್ಲುವುದು. ಸಂಖ್ಯೆಯು ಸಣ್ಣದು, ಆದರೆ 220 ಮೈಕ್ರೋಫ್ಯಾರಡ್ ಕೆಪಾಸಿಟರೊಂದು ಹಿಡಿದಿಡುವ ಶಕ್ತಿಯು ಸಾಧಾರಣ ಪಿಕ್ಚರ್ ಟ್ಯೂಬಿನಲ್ಲಿರುವುದರ ಹೆಚ್ಚುಕಡಮೆ ಇಪ್ಪತ್ತರಷ್ಟು! ಒಂದು ಕೈಯಿಂದ ಮತ್ತೊಂದು ಕೈಗೆ ಎದೆಯ ಮೂಲಕ ಇದು ಹರಿದರೆ ಪ್ರಾಣಕ್ಕೇ ಸಂಚಕಾರ. ಗೃಹಸ್ಥರು ಈ ತಗಡಿನ ಪೆಟ್ಟಿಗೆಯನ್ನು ಬಿಚ್ಚಲೇಬಾರದೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ಕೆಟ್ಟರೆ ಇಡಿಯಾಗಿ ಬದಲಾಯಿಸಲಿ.

ಪಿಕ್ಚರ್ ಟ್ಯೂಬಿನ ಕಾಲವು ಮುಗಿಯಿತು, ಈಗಿನ ತೆಳುವಾದ ಪರದೆಗಳಲ್ಲಿ ಈ ಭಯವಿಲ್ಲವೆಂದು ಕೆಲವರು ಹೇಳುವರು. ಇದು ಅರ್ಧ ಸತ್ಯ. ಮೊದಲ ತಲೆಯ ತೆಳು ಪರದೆಗಳಲ್ಲಿ ಬೆಳಕಿಗಾಗಿ ಸಣ್ಣ ಟ್ಯೂಬ್‌ಲೈಟುಗಳಿರುವುವು. ಅವುಗಳನ್ನು ಉರಿಸಲು ನೂರಾರು ವೋಲ್ಟು, ಹೊತ್ತಿಸುವ ಕ್ಷಣದಲ್ಲಿ ಅದಕ್ಕೂ ಮಿಗಿಲಾದುದು ಬೇಕು. ಅವುಗಳೊಳಗೆ ಪಾದರಸವೂ ಉಂಟು. ಎಲ್.ಇ.ಡಿ. ಪರದೆಗಳಲ್ಲಿ ಇದಿಲ್ಲವಾದರೂ, 230 ವೋಲ್ಟನ್ನು ನೇರವಾಗಿ ತೆಗೆದುಕೊಳ್ಳುವ ಟೆಲಿವಿಷನ್ನುಗಳೊಳಗೆ ಆ 325 ವೋಲ್ಟಿನ ಕೆಪಾಸಿಟರು ಇದ್ದೇ ಇರುವುದು. ಇನ್ನು ನಮ್ಮ ಕಡೆ ಕರೆಂಟು ಹೋಗುವುದೂ ಬರುವುದೂ ಇದ್ದದ್ದೇ ಆದುದರಿಂದ ಅನೇಕ ಮನೆಗಳಲ್ಲಿ ಯು.ಪಿ.ಎಸ್. ಇದೆ. ಗೋಡೆಯ ಪ್ಲಗ್ಗನ್ನು ಕಿತ್ತರೂ ಅದು ತನ್ನ ಬ್ಯಾಟರಿಯಿಂದ 230 ವೋಲ್ಟನ್ನು ಕೊಡುತ್ತಲೇ ಇರುವುದು. ಕಿತ್ತೆವೆಂಬ ಭ್ರಮೆ ನಮಗೆ, ಉರಿಯುವ ಕೆಲಸ ಅದಕ್ಕೆ. ಯಂತ್ರದ ತಂತಿಯನ್ನು ಯಂತ್ರದ ಹಿಂಬದಿಯಿಂದಲೇ ಬಿಡಿಸಬೇಕು. ಮಡಿಸುವ ಕಂಪ್ಯೂಟರಾದರೆ ಒಳಗಿನ ಬ್ಯಾಟರಿಯನ್ನು ಮೊದಲು ಬೇರ್ಪಡಿಸಬೇಕು. ಬ್ಯಾಟರಿಯು ಉಬ್ಬಿದ್ದರೆ ಅದನ್ನು ಒತ್ತುವುದಾಗಲಿ ಚುಚ್ಚುವುದಾಗಲಿ ಕೂಡದು, ಬೆಂಕಿ ಹೊತ್ತಿಕೊಳ್ಳುವುದು.

ಇದನ್ನು ಬರೆಯುವ ಮುನ್ನ ನಾವು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗಿ ಆ ಶಿಷ್ಯನ ಅಂಗಡಿಯಲ್ಲಿ ಅರ್ಧ ದಿನ ಕುಳಿತಿದ್ದೆವು. ಕೆಲಸಕ್ಕೆ ಕೂರುವ ಮುನ್ನ ಉಂಗುರ, ಗಡಿಯಾರ, ಕೊರಳ ಸರ ಎಲ್ಲವನ್ನೂ ತೆಗೆದು ಡಬ್ಬಿಯಲ್ಲಿಡುವನು. ಹಳೆಯ ಟ್ಯೂಬೊಂದು ಬಂದಿತ್ತು. ಒಂದು ತಂತಿಯ ತುದಿಯನ್ನು ಟ್ಯೂಬಿನ ಹೊರಲೇಪಕ್ಕೆ ತಾಗಿದ ಹೆಣಿಗೆಯ ತಂತಿಗೆ ಕಚ್ಚಿಸಿದನು; ಇನ್ನೊಂದು ತುದಿಯು ದೊಡ್ಡ ರೆಸಿಸ್ಟರೊಂದರ ಮೂಲಕ ಉದ್ದ ಹಿಡಿಯ ಸ್ಕ್ರೂಡ್ರೈವರಿಗೆ ಸೇರಿದ್ದಿತು. ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬಲಗೈಯಿಂದ ಅದನ್ನು ರಬ್ಬರಿನ ಟೋಪಿಯ ಅಡಿಗೆ ನೂಕಿ, ಕೆಲವು ಕ್ಷಣ ಹಿಡಿದು, ತೆಗೆದನು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಹಾಗೆಯೇ ಮಾಡಿದನು. ಎರಡನೆಯ ಸಲವೇಕೆಂದು ಕೇಳಿದೆವು. "ಖಾಲಿಯಾಯ್ತು ಅಂದ್ಕೊಂಡ ಮೇಲೂ ಗಾಜಿನೊಳಗಿಂದ ಒಸರ್ತದೆ, ಮೇಷ್ಟ್ರೇ" ಎಂದನು. ಬಾವಿಯನ್ನು ಬತ್ತಿಸಿದ ಮೇಲೂ ಒರತೆಯು ಬರುವಂತೆ. ಕೆಪಾಸಿಟರಿಗಾದರೆ ಮೊದಲು ಮೀಟರಿಟ್ಟು ನೋಡುವನು. ಉಳಿದಿದ್ದರೆ ಬಲ್ಬೊಂದರ ಮೂಲಕ ಇಳಿಸಿ, ಮತ್ತೆ ಅಳೆಯುವನು. ರಿಪೇರಿಯಾದ ಯಂತ್ರವನ್ನು ಮೊದಲ ಸಲ ಉರಿಸುವಾಗ ನೇರವಾಗಿ ಗೋಡೆಗೆ ಚುಚ್ಚದೆ, ನಡುವೆ ಒಂದು ಸೀರೀಸ್ ಬಲ್ಬನ್ನು ಇಡುವನು. ಒಳಗೆ ಶಾರ್ಟ್ ಇದ್ದರೆ ಬಲ್ಬು ಉಜ್ವಲವಾಗಿ ಉರಿದು ತಿಳಿಸುವುದು, ಯಂತ್ರವು ಸಿಡಿಯದು.

ಆಮೇಲೆ ಅವನು ಕಂಪ್ಯೂಟರೊಂದನ್ನು ಎತ್ತಿಕೊಂಡು ಮಣಿಕಟ್ಟಿಗೆ ತಂತಿಯುಳ್ಳ ಪಟ್ಟಿಯೊಂದನ್ನು ಕಟ್ಟಿಕೊಂಡನು. ಇಲ್ಲಿ ಅಪಾಯವು ತಿರುವುಮುರುವು: ಯಂತ್ರದಿಂದ ಮನುಷ್ಯನಿಗಲ್ಲ, ಮನುಷ್ಯನಿಂದ ಯಂತ್ರಕ್ಕೆ. ಮಾಗಿ ಕಳೆದು ಗಾಳಿಯು ಒಣಗಿದಾಗ ನಡೆದಾಡುವ ನಮ್ಮ ಮೈಯಲ್ಲೇ ಸಾವಿರಾರು ವೋಲ್ಟು ಕೂಡಿರುವುದು. 3,000ಕ್ಕಿಂತ ಕಡಮೆಯಾದರೆ ನಮಗೆ ಅದರ ಅರಿವೂ ಆಗದು. ಕಂಪ್ಯೂಟರಿನ ಚಿಪ್ಪು ನೂರು ವೋಲ್ಟಿಗೂ ಸಾಯಬಲ್ಲುದು. ಪಟ್ಟಿಯು ಆ ಸಂಗ್ರಹವನ್ನು ಒಂದು ಮೆಗಾಓಮ್ ರೆಸಿಸ್ಟರಿನ ಮೂಲಕ ನೆಲಕ್ಕೆ ಇಳಿಸುವುದು. ಆದರೆ ಇದೇ ಪಟ್ಟಿಯನ್ನು ಕಟ್ಟಿಕೊಂಡು 25,000 ವೋಲ್ಟು ಹರಿಯುವ ಟ್ಯೂಬಿನ ಬಳಿ ಕುಳಿತರೆ, ಅದೇ ನಮ್ಮನ್ನು ನೆಲಕ್ಕೆ ಕಟ್ಟಿದ ಹಗ್ಗವಾಗುವುದು. ಒಂದೆಡೆ ಔಷಧವಾದುದು ಇನ್ನೊಂದೆಡೆ ವಿಷ. ಪುಸ್ತಕದಲ್ಲಿ ಅರ್ಧ ಓದಿದವರು ಎಡವುವುದು ಇಲ್ಲಿಯೇ.

ಮನೆಯವರು ಮಾಡಬಹುದಾದುದೂ ಇಲ್ಲದಿಲ್ಲ. ಮೂರು ಮುಳ್ಳಿನ ಪ್ಲಗ್ಗಿನ ದಪ್ಪ ಮುಳ್ಳನ್ನು ಕತ್ತರಿಸಿ ಎರಡು ತೂತಿಗೆ ತುರುಕುವವರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಂಪ್ಯೂಟರಿನ ತಗಡನ್ನು ಮುಟ್ಟಿದರೆ ಜುಮ್ಮೆನ್ನುವ ಮನೆಗಳಲ್ಲಿ ಅರ್ಥಿಂಗನ್ನು ಕೂಡಲೇ ಪರೀಕ್ಷಿಸಬೇಕು. 30 ಮಿಲಿಆಂಪಿಯರ್ ಸೋರಿದರೂ ಕಡಿದುಹಾಕುವ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಮೀಟರಿನ ಬಳಿ ಹಾಕಿಸುವುದು ಉತ್ತಮ. ಆದರೆ ಕೆಪಾಸಿಟರಿನಲ್ಲಿ ಮೊದಲೇ ಕೂಡಿಟ್ಟುದರಿಂದ ಅದು ನಮ್ಮನ್ನು ಕಾಯಲಾರದು. ಚೈತ್ರ ವೈಶಾಖಗಳ ಗುಡುಗುಮಳೆಯಲ್ಲಿ ಪ್ಲಗ್ಗಿನೊಡನೆ ಕೇಬಲ್ಲಿನ ತಂತಿಯನ್ನೂ ಬಿಡಿಸಿಡಬೇಕು, ಅದನ್ನು ಗುಡುಗು ಕೇಳುವ ಮೊದಲೇ ಮಾಡಬೇಕು. ಯಾರಿಗಾದರೂ ಶಾಕ್ ಹೊಡೆದರೆ ಅವರನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ಚನ್ನು ಆರಿಸಬೇಕು. ಅನಂತರ 108ಕ್ಕೆ ಕರೆ.

ಅಟ್ಟದ ಮೇಲೆ ಹಳೆಯ ಟೆಲಿವಿಷನ್ನನ್ನು ಇಟ್ಟುಕೊಂಡಿರುವವರು ಅದನ್ನು ಗುಜರಿಗೆ ಹಾಕುವಾಗಲೂ ನೆನಪಿಡಬೇಕಾದುದುಂಟು. ಟ್ಯೂಬಿನೊಳಗೆ ಗಾಳಿಯಿಲ್ಲ; 21 ಅಂಗುಲದ ಪರದೆಯ ಮೇಲೆ ಹೊರಗಿನ ವಾಯುವು 1,200 ಕಿಲೋಗ್ರಾಮಿಗೂ ಮೀರಿದ ಭಾರದಿಂದ ಒತ್ತುತ್ತಿರುವುದು. ತಾಮ್ರದ ಸುರುಳಿಯ ಆಸೆಗೆ ಕಲ್ಲಿನಿಂದ ಒಡೆದರೆ ಗಾಜು ಸಿಡಿಯುವುದು, ಗಾಜಿನಲ್ಲಿರುವ ಸೀಸವು ಮಣ್ಣಿಗೆ ಸೇರುವುದು. 2023ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ನೋಂದಾಯಿತ ಸಂಸ್ಕರಣಕಾರರಿಗೇ ಸೇರತಕ್ಕವು.

ನಮ್ಮ ಅಟ್ಟದಲ್ಲಿಯೂ ಅಂಥದೊಂದು ಉಂಟು. ಅದರೊಳಗೇನಿದೆ ನೋಡಬೇಕೆಂದು ಮೊಮ್ಮಗನು ತಿಂಗಳಿಂದ ಪೀಡಿಸುತ್ತಿದ್ದಾನೆ. ಬರುವ ಭಾನುವಾರ ಶಿಷ್ಯನು ತನ್ನ ತಂತಿ, ಸ್ಕ್ರೂಡ್ರೈವರುಗಳೊಡನೆ ಬರುವೆನೆಂದು ಒಪ್ಪಿದ್ದಾನೆ. ಮೊಮ್ಮಗನಿಗೆ ಎರಡು ಮಾರು ದೂರದಲ್ಲಿ ಮಣೆ ಹಾಕಲಾಗುವುದು. ನಮಗೂ ಅವನ ಪಕ್ಕದಲ್ಲಿಯೇ, ಮಾತಾಡದೆ ಕೂರಬೇಕೆಂಬ ಕರಾರಿನ ಮೇಲೆ.