ಮನೆಯ ಮೋಟಾರು ಕೊಟ್ಟಿಗೆಯಲ್ಲಿ ಕೆಲಸದ ಎಡೆ

1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ದೇವಾಲಯದಲ್ಲಿಯೂ ಹಳೇಬೀಡಿನಲ್ಲಿಯೂ ಬಳಪದ ಕಲ್ಲನ್ನು ತಿರುಗಿಸಿ ಕಡೆದ ಕಂಬಗಳಿವೆ. ಅಷ್ಟು ಭಾರದ ಕಲ್ಲು ತಿರುಗಬೇಕಾದರೆ, ಉಳಿಯನ್ನು ಹಿಡಿಯುವ ಮೊದಲೇ ಶಿಲ್ಪಿಯು ಎಡೆಯನ್ನು ಅಳೆದಿರಬೇಕು. ಅರಸೀಕೆರೆಯಂಥ ಊರಿನಲ್ಲಿ, ಕಾರು ನಿಲ್ಲುವ ಕೊಟ್ಟಿಗೆಯಲ್ಲಿಯೇ ಮರಗೆಲಸವನ್ನೂ ಕಾರಿನ ದುರಸ್ತಿಯನ್ನೂ ಮಾಡಬಯಸುವ ನಮಗೂ ಇದೇ ಮೊದಲ ಪಾಠ.

ಕಾರನ್ನು ಒಳಗೆ ನಿಲ್ಲಿಸಿ, ಅದರ ಬಾಗಿಲುಗಳನ್ನೆಲ್ಲ ತೆರೆದು, ಸುತ್ತಲೂ ಸೀಮೆಸುಣ್ಣದ ಗೆರೆ ಎಳೆಯೋಣ. ಕೆಲಸದ ಮೇಜು ಗೆರೆಯ ಹೊರಗಿರಲಿ. ಎಂಟಡಿಯ ಹಲಗೆಯನ್ನು ಯಂತ್ರದ ಗರಗಸದಲ್ಲಿ ಉದ್ದಕ್ಕೆ ಸೀಳಲು ಅದರ ಮುಂದೆಯೂ ಹಿಂದೆಯೂ ಎಂಟೆಂಟು ಅಡಿ ತೆರವು ಬೇಕು. ಗರಗಸವನ್ನು ಹೆಬ್ಬಾಗಿಲಿಗೆ ಎದುರಾಗಿಟ್ಟರೆ ಅಂಗಳವೂ ಒದಗುತ್ತದೆ.

ಎಡೆಗಿಂತ ಮುಖ್ಯವಾದುದು ಬೆಂಕಿಯ ವಿಚಾರ. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲವನ್ನು ಹಿಡಿದು ಹರಡುತ್ತದೆ. ಆದುದರಿಂದ ಗೋಡೆಯ ಬುಡದಲ್ಲಿಯೂ ಕಿಂಡಿಗಳಿರತಕ್ಕದ್ದು. ಇಂಧನದ ಕೆಲಸ ನಡೆಯುವಾಗ ಗರಗಸವಾಗಲಿ ಸಾಣೆಯ ಚಕ್ರವಾಗಲಿ ತಿರುಗಕೂಡದು. ಮರದ ಹೊಟ್ಟನ್ನು ಮೊದಲೇ ಗುಡಿಸಿ ಹೊರಹಾಕಿರಬೇಕು. ಅಗಸೆ ಎಣ್ಣೆ ಹಚ್ಚಿದ ಬಟ್ಟೆಯು ಮುದ್ದೆಯಾಗಿ ಬಿದ್ದಿದ್ದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲುದು. ಅದನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಬೇಕು. ಕೊಟ್ಟಿಗೆಯೊಳಗೆ ಎಂಜಿನ್ನನ್ನು ಓಡಿಸಲೇಕೂಡದು: ಅದರ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ವಿಷಾನಿಲವಿದೆ. ಕಾರನ್ನು ಅಂಗಳಕ್ಕೆ ತಳ್ಳುವ ಶ್ರಮ ಅದರ ಮುಂದೆ ಅತ್ಯಲ್ಪ.