ಕ್ಲಾರಿಯೊನೆಟ್ಟಿನ ನಳಿಕೆಯೂ ಪರೀಕ್ಷೆಯ ಕೃತಿಯೂ

ಪ್ಯಾರಿಸ್ಸಿನ ಸಂಗೀತ ಮಹಾವಿದ್ಯಾಲಯದ ಉನ್ನತ ಮಂಡಳಿಗೆ 1909ರಲ್ಲಿ ಸದಸ್ಯನಾಗಿ ಸೇರಿದ ಕ್ಲೋದ್ ದೆಬ್ಯುಸಿಗೆ, ಮರುವರ್ಷದ ಕ್ಲಾರಿಯೊನೆಟ್ ಪರೀಕ್ಷೆಗಾಗಿ ಎರಡು ಕೃತಿಗಳನ್ನು ರಚಿಸಿಕೊಡುವ ಹೊಣೆ ಬಿದ್ದಿತು. ಒಂದು, ಅಭ್ಯರ್ಥಿಗಳು ಮುಂಚಿತವಾಗಿ ಅಭ್ಯಾಸ ಮಾಡಿ ಬಂದು ನುಡಿಸತಕ್ಕದ್ದು. ಇನ್ನೊಂದು, ಸ್ವರಲಿಪಿಯನ್ನು ಅಲ್ಲಿಯೇ ಮೊದಲ ಸಲ ಕಂಡು ನುಡಿಸತಕ್ಕ ಪುಟ್ಟ ರಚನೆ. ಮೊದಲನೆಯದು ಇಂದು ‘ಪ್ರಥಮ ರಾಪ್ಸೊಡಿ’ ಎಂದು ಲೋಕಪ್ರಸಿದ್ಧವಾಗಿದೆ. ಪರೀಕ್ಷೆಯ ಕೃತಿಯೆಂದರೆ ಬೆರಳುಗಳ ಚಾತುರ್ಯವನ್ನು ಮೆರೆಸುವ ದ್ರುತಗತಿಯ ಸ್ವರಪ್ರವಾಹವಿರಬೇಕೆಂದು ನಿರೀಕ್ಷಿಸುವವರಿಗೆ ಇದರ ಆರಂಭ ಆಶ್ಚರ್ಯವನ್ನುಂಟುಮಾಡೀತು. ಅದು ಕನಸಿನಲ್ಲಿ ನಡೆದಂತೆ, ಬಹು ಮೆಲ್ಲಗೆ, ಬಹು ಮೆದುವಾಗಿ ತೊಡಗುತ್ತದೆ. ಆದರೂ ಅಭ್ಯರ್ಥಿಗಳು ಅಂಜುವುದು ಈ ಮೆಲುದನಿಯ ಪಂಕ್ತಿಗಳಿಗೇ. ಇದರ ಕಾರಣವನ್ನು ಸಂಗೀತಶಾಸ್ತ್ರದಲ್ಲಿ ಅರಸುವುದಕ್ಕಿಂತ ಭೌತಶಾಸ್ತ್ರದಲ್ಲಿ ಅರಸುವುದು ಮೇಲು.

ನಮ್ಮ ಕೊಳಲನ್ನು ನುಡಿಸುವವನು, ಬೆರಳುಗಳನ್ನು ಇದ್ದಲ್ಲಿಯೇ ಇರಿಸಿಕೊಂಡು, ಉಸಿರನ್ನಷ್ಟೇ ಹರಿತಗೊಳಿಸಿದರೆ ಸ್ವರವು ಒಂದು ಸ್ಥಾಯಿ ಮೇಲಕ್ಕೆ ನೆಗೆಯುತ್ತದೆ, ಷಡ್ಜವಿದ್ದದ್ದು ತಾರಷಡ್ಜವಾಗುತ್ತದೆ. ನಾಗಸ್ವರದಲ್ಲಿಯೂ ಹಾಗೆಯೇ. ಮದುವೆಯ ಬ್ಯಾಂಡಿನಲ್ಲಿ ನಾವೆಲ್ಲ ಕೇಳಿ ಬಲ್ಲ ಕ್ಲಾರಿಯೊನೆಟ್ಟಿನಲ್ಲಾದರೋ, ಎಡಗೈ ಹೆಬ್ಬೆರಳಿನ ಬಳಿಯ ಕೀಲಿಯನ್ನೊತ್ತಿದೊಡನೆ ಷಡ್ಜವು ತಾರಷಡ್ಜವನ್ನು ಹಾಯ್ದು ತಾರಪಂಚಮದಲ್ಲಿ ಹೋಗಿ ನಿಲ್ಲುತ್ತದೆ. ಕೊಳಲಿನ ನಳಿಕೆ ಎರಡು ಕಡೆಯೂ ಹೊರಗಾಳಿಗೆ ತೆರೆದಿದೆ. ನಾಗಸ್ವರದ ಒಳಮೈ ಶಂಕುವಿನಂತೆ ಕ್ರಮವಾಗಿ ಅಗಲವಾಗುತ್ತ ಹೋಗುತ್ತದೆ. ಕ್ಲಾರಿಯೊನೆಟ್ಟಿನ ಒಳಮೈಯಾದರೆ ಬಹುಮಟ್ಟಿಗೆ ಸಮಗಾತ್ರದ್ದು, ಮತ್ತು ಜೊಂಡಿನ ಪಟ್ಟಿ, ಅರ್ಥಾತ್ ರೀಡ್, ಇರುವ ತುದಿಯು ತರಂಗದ ಪಾಲಿಗೆ ಮುಚ್ಚಿದ ತುದಿಯೇ ಸರಿ. ಮುಚ್ಚಿದಲ್ಲಿ ಗಾಳಿಯ ಒತ್ತಡದ ಏರಿಳಿತ ಪರಮಾವಧಿಯದು, ತೆರೆದಲ್ಲಿ ಶೂನ್ಯಪ್ರಾಯವಾದದ್ದು. ಈ ನಿಯಮಕ್ಕೆ ಒಳಪಟ್ಟು ನಳಿಕೆಯಲ್ಲಿ ಹಿಡಿಸುವುದು ಮೊದಲು ಕಾಲು ತರಂಗ, ಅದರ ತರುವಾಯ ಮುಕ್ಕಾಲು. ನಡುವಣ ಅರ್ಧಕ್ಕೆ ಅಲ್ಲಿ ಎಡೆಯಿಲ್ಲ. ಆದುದರಿಂದ ಕಂಪನಸಂಖ್ಯೆ ಇಮ್ಮಡಿಯಾಗದೆ ಒಮ್ಮೆಗೇ ಮುಮ್ಮಡಿಯಾಗುತ್ತದೆ. ಸುಮಾರು 66 ಸೆಂಟಿಮೀಟರು ಉದ್ದದ ಪಾಶ್ಚಾತ್ಯ ಕೊಳಲಿನ ಅತಿ ಕೆಳಗಿನ ಸ್ವರಕ್ಕೆ ಸೆಕೆಂಡಿಗೆ 262 ಕಂಪನಗಳಿದ್ದರೆ, ಹೆಚ್ಚುಕಡಿಮೆ ಅಷ್ಟೇ ಉದ್ದದ ಕ್ಲಾರಿಯೊನೆಟ್ಟು 147ರವರೆಗೂ ಇಳಿಯುವುದು ಈ ಕಾಲು ತರಂಗದ ಕೃಪೆಯಿಂದಲೇ.

ಆದರೆ ಈ ಕೃಪೆಗೆ ತೆರಿಗೆಯುಂಟು. ಷಡ್ಜದಿಂದ ತಾರಪಂಚಮದವರೆಗಿನ ಹತ್ತೊಂಬತ್ತು ಅರ್ಧಸ್ವರಗಳ ಹರಹನ್ನು, ಬಲ ಹೆಬ್ಬೆರಳು ವಾದ್ಯದ ಭಾರ ಹೊರುವುದರಲ್ಲಿಯೇ ತೊಡಗಿರುವಾಗ, ಉಳಿದ ಒಂಬತ್ತು ಬೆರಳುಗಳು ತುಂಬಬೇಕು. ನ್ಯೂರೆಂಬರ್ಗಿನ ಡೆನ್ನರನು 1700ರ ಸುಮಾರಿಗೆ ಎರಡು ಕೀಲಿಗಳಿಂದ ಆರಂಭಿಸಿದ ವಾದ್ಯವು, 1839ರಲ್ಲಿ ಪ್ಯಾರಿಸ್ಸಿನ ಕ್ಲೋಸೆ ಮತ್ತು ಬ್ಯುಫೆ ಪ್ರದರ್ಶಿಸಿದ ಮಾದರಿಯ ವೇಳೆಗೆ ಕೀಲಿಗಳ ಕಾಡಾಗಿದ್ದುದಕ್ಕೆ ಇದೇ ಹೇತು. ಅಷ್ಟಾದರೂ ನಡುವಿನಲ್ಲೊಂದು ದುರ್ಬಲ ಪ್ರದೇಶ ಉಳಿದೇ ಉಳಿಯಿತು. ವಾದಕರು ಕಂಠಸ್ವರಗಳೆಂದು ಕರೆಯುವ ಈ ಕೆಲವು ಸ್ವರಗಳಲ್ಲಿ ನಳಿಕೆಯ ಬಹುಪಾಲು ಸುಮ್ಮನಿದ್ದು, ಮೇಲ್ಗಡೆಯ ಮೊಟಕು ಗಾಳಿಯಷ್ಟೇ ನಡುಗುತ್ತದೆ. ಇವುಗಳಲ್ಲಿ ಕಡೆಯದಂತೂ, ಮೂಲತಃ ಸ್ವರವನ್ನು ತಾರಪಂಚಮಕ್ಕೆ ನೆಗೆಸಲೆಂದೇ ಕೊರೆದ ಸಣ್ಣ ರಂಧ್ರದಿಂದ ಹೊರಬರಬೇಕಾದುದರಿಂದ, ನೆಗಡಿ ಹಿಡಿದವನ ಮಾತಿನಂತೆ ಮಂಕಾಗಿ ಕೇಳಿಸುತ್ತದೆ. ಅದರ ಮುಂದಿನ ಸ್ವರಕ್ಕೆ ಅರ್ಧ ಹೆಜ್ಜೆಯಷ್ಟೇ ದೂರ. ಆ ಅರ್ಧ ಹೆಜ್ಜೆಗಾಗಿ ಎಲ್ಲ ಬೆರಳುಗಳೂ ಏಕಕಾಲಕ್ಕೆ ಇಳಿದು, ನಳಿಕೆಯ ಗಾಳಿಯೆಲ್ಲ ಮುಕ್ಕಾಲು ತರಂಗದಲ್ಲಿ ಅಲುಗಬೇಕು. ವೇಗದಲ್ಲಿ ಈ ಸಂಧಿಯ ಬಿರುಕು ಕೇಳುಗನ ಗಮನಕ್ಕೆ ಬಾರದೆ ಹೋಗಬಹುದು. ವಿಲಂಬದಲ್ಲಿ ಅಡಗಿಸುವ ಉಪಾಯವೇ ಇಲ್ಲ.

ಮೆಲುದನಿಯ ಮಾತೂ ಹೀಗೆಯೇ. ಬಲವಾಗಿ ಊದಿದಾಗ ರೀಡು ಪ್ರತಿ ಕಂಪನದಲ್ಲಿಯೂ ಬಾಯಿತುದಿಯನ್ನು ಬಡಿದು ಮುಚ್ಚುವುದರಿಂದ ಉಪಸ್ವರಗಳು ಹೇರಳವಾಗಿ ಹುಟ್ಟುತ್ತವೆ. ಕೆಳಸ್ಥಾಯಿಯಲ್ಲಿ ಇವುಗಳ ಪೈಕಿ ಮೂರು, ಐದು, ಏಳನೆಯ ಬೆಸಗಳು ಮುಂದಾಗಿ ಸಮಸಂಖ್ಯೆಯವು ಹಿಂಜರಿಯುವುದೇ ಕ್ಲಾರಿಯೊನೆಟ್ಟಿನ ಆ ಟೊಳ್ಳು ಮರದಂಥ ಗಂಭೀರ ನಾದದ ಗುಟ್ಟು. ಉಸಿರನ್ನು ತಗ್ಗಿಸುತ್ತ ಬಂದಂತೆ ರೀಡು ಎಲ್ಲಿಯೂ ತಾಗದೆ ಸುಮ್ಮನೆ ತೂಗುತ್ತದೆ, ಉಪಸ್ವರಗಳು ಒಂದೊಂದಾಗಿ ಅಳಿಯುತ್ತವೆ, ಕಡೆಗೆ ಉಳಿಯುವುದು ಬಹುಮಟ್ಟಿಗೆ ಶುದ್ಧವಾದ ಒಂದೇ ಕಂಪನ. ಉಸಿರಿನ ಒತ್ತಡವು ಒಂದು ಮಿತಿಗಿಂತ ಕೊಂಚ ಇಳಿದರೂ ನಾದವೇ ಇಲ್ಲ. ದೆಬ್ಯುಸಿಯ ಆರಂಭವನ್ನು ನುಡಿಸುವವನು ಆ ಮಿತಿಯ ಅಂಚಿನಲ್ಲಿ ನಡೆಯುತ್ತಾನೆ.

ಪರೀಕ್ಷೆಗೆ ಕೃತಿಯನ್ನು ಆರಿಸಹೊರಟವನ ಮುಂದೆ ದೆಬ್ಯುಸಿಯಲ್ಲದೆ ಬೇರೆ ದಾರಿಗಳೂ ಇವೆ. ವಾದ್ಯವೃಂದಗಳಿಗೆ ವಾದಕರನ್ನು ಆಯುವ ಪರೀಕ್ಷೆಗಳಲ್ಲಿ ಬಹುವಾಗಿ ಕೇಳುವುದು ಮೊಟ್ಸಾರ್ಟನು ತನ್ನ ಕಡೆಯ ವರ್ಷವಾದ 1791ರಲ್ಲಿ ಗೆಳೆಯ ಸ್ಟಾಡ್ಲರನಿಗಾಗಿ ಬರೆದ ಕನ್ಚೆರ್ಟೊವನ್ನು. ಸ್ಟಾಡ್ಲರನ ವಾದ್ಯದ ನಳಿಕೆ ಹೆಚ್ಚು ನೀಳವಾದದ್ದು. ಅದು ಸಾಧಾರಣ ಕ್ಲಾರಿಯೊನೆಟ್ಟಿಗಿಂತ ನಾಲ್ಕು ಅರ್ಧಸ್ವರಗಳಷ್ಟು ಕೆಳಗಿಳಿಯುತ್ತಿತ್ತು. ಹಸ್ತಪ್ರತಿ ಕಳೆದುಹೋಗಿ, ಅಚ್ಚಾದ ಪಾಠದಲ್ಲಿ ಆ ತಗ್ಗುಸ್ವರಗಳನ್ನು ಮೇಲಕ್ಕೆತ್ತಿರುವುದರಿಂದ, ಕೆಲವು ಪಂಕ್ತಿಗಳು ಅಕಾರಣವಾಗಿ ಜಿಗಿದಂತೆ ತೋರಿದರೆ ಆ ಅಪರಾಧ ಮೊಟ್ಸಾರ್ಟನದಲ್ಲ. ವೇಬರನು 1811ರಲ್ಲಿ ಬೇರ್ಮನ್ನನಿಗಾಗಿ ಬರೆದ ಕನ್ಚೆರ್ಟಿನೊ, ಒಂದು ವಸ್ತುವನ್ನೂ ಅದರ ವಿಸ್ತಾರಗಳನ್ನೂ ಆಧರಿಸಿದ್ದಾಗಿ, ಇನ್ನೂ ಬೆಳೆಯುತ್ತಿರುವ ವಿದ್ಯಾರ್ಥಿಗೆ ಹೆಚ್ಚು ದಯಾಳು. ಒಂದು ವಿಸ್ತಾರದಲ್ಲಿ ಎಡವಿದವನು ಮುಂದಿನದರಲ್ಲಿ ಎದ್ದು ನಿಲ್ಲಬಹುದು.

ಅತ್ಯುಚ್ಚ ಸ್ವರಗಳ ಮೋಹದಿಂದ ಕೃತಿಯನ್ನು ಆರಿಸುವವರಿಗೆ ಒಂದು ಮಾತು. ಅಲ್ಲಿ ನಳಿಕೆಯ ಅನುರಣನ ಕುಗ್ಗಿರುವುದರಿಂದ, ಪರಿಣತರು ನಾಲಗೆ ಗಂಟಲುಗಳ ಆಕಾರವನ್ನು ಬದಲಿಸಿ ತಮ್ಮ ಬಾಯೊಳಗಿನ ಅನುರಣನವನ್ನು ಸ್ವರಕ್ಕೆ ಹೊಂದಿಸಿಕೊಳ್ಳುತ್ತಾರೆಂಬುದನ್ನು ವಿಜ್ಞಾನಿಗಳು ಅಳೆದು ತೋರಿಸಿದ್ದಾರೆ. 1924ರ ಗರ್ಶ್‌ವಿನ್ನನ ‘ರಾಪ್ಸೊಡಿ ಇನ್ ಬ್ಲೂ’ ಕೃತಿಯ ಆದಿಯಲ್ಲಿ ಕ್ಲಾರಿಯೊನೆಟ್ಟು ಮೇಲೇರುವ ಪ್ರಸಿದ್ಧ ಜಾರುವಿಕೆಯ ರಹಸ್ಯವೂ ಬೆರಳುಗಳಿಗಿಂತ ಗಂಟಲಿನಲ್ಲಿಯೇ ಹೆಚ್ಚಾಗಿ ಅಡಗಿದೆ. ಕಣ್ಣಿಗೆ ಕಾಣದ ಈ ವಿದ್ಯೆ ಒಂದು ತಿಂಗಳಲ್ಲಿ ಒಲಿಯುವಂಥದಲ್ಲ.

ನನ್ನನ್ನು ಕೇಳಿದರೆ, ಕಂಠಸ್ವರಗಳನ್ನು ಪಳಗಿಸಿಕೊಂಡವನಿಗೆ ದೆಬ್ಯುಸಿ, ಉಳಿದವರಿಗೆ ವೇಬರ್ ಎಂದೇನು. ಯಾವುದೇ ಆಗಲಿ, ನಿಶ್ಚಯಿಸುವ ಮುನ್ನ ಕೃತಿಯ ಅತಿ ನಿಧಾನವಾದ ಪುಟವನ್ನು ಒಮ್ಮೆ ಬೆಳಗಿನ ಚಳಿಯಲ್ಲಿ ಪಿಯಾನೊದ ಜೊತೆಗೆ ನುಡಿಸಿ ನೋಡಬೇಕು. ಗಾಳಿ ಒಂದು ಡಿಗ್ರಿ ತಣ್ಣಗಾದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು ಕುಗ್ಗಿ, ಕ್ಲಾರಿಯೊನೆಟ್ಟಿನ ಶ್ರುತಿ ಅದರೊಡನೆಯೇ ಇಳಿಯುತ್ತದೆ. ಪಿಯಾನೊದ ತಂತಿಗಳು ಅದನ್ನು ಹಿಂಬಾಲಿಸುವುದಿಲ್ಲ. ಪರೀಕ್ಷೆಯ ದಿನ ಬಾಗಿಲ ಹೊರಗೆ ಕಾಯುತ್ತಿರುವಾಗ ವಾದ್ಯವನ್ನು ಕೋಟಿನೊಳಗೆ ಬೆಚ್ಚಗೆ ಇರಿಸಿಕೊಂಡಿರಿ.